ಬೆಳಗಿನ ಸೆಕೆಂಡ್ ಗೇರು

ಗೇರು ಬೀಳಲಿಲ್ಲ. ನಿನ್ನೆಯೂ ಬಿದ್ದಿರಲಿಲ್ಲ, ಮೊನ್ನೆಯೂ ಬಿದ್ದಿರಲಿಲ್ಲ. ಫಸ್ಟಿನಲ್ಲಿ ಗೇಟು ದಾಟಿ ರಸ್ತೆಗಿಳಿದ ಗಾಡಿ ಗೊಣಗುತ್ತ ಬೇಕರಿಯ ತನಕ ಬಂತು. ಅಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿ ಸೆಕೆಂಡಿಗೆ ಎಳೆದರೆ, ಆ ಮೋಟು ಗೇರ್ ರಾಡು ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಇನ್ನಷ್ಟು ಬಲ ಹಾಕಿದಳು. ತಳದಿಂದ ಕರಕರ ಎಂದು ಹಲ್ಲು ಕಡಿಯುವ ಸದ್ದು ಬಂತು. "ಹಾಳಾಗಿ ಹೋಗು" ಎಂದು ಬೈದಳು. ಬೈದದ್ದು ಗಾಡಿಗೋ, ಚಳಿಗೋ, ಮನೆಯಲ್ಲಿ ಕಿವಿ ಮುಚ್ಚುವಂತೆ ಹೊದ್ದು ಮಲಗಿರುವ ಗಂಡನಿಗೋ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ರಕ್ತ ತೆಗೆಯುವ ಕೋಣೆಯಲ್ಲಿ ಬೆಳಗಿನ ಪಾಳಿ ಅವಳದು. ಬೆಳಕು ಹರಿಯುವ ಮೊದಲೇ ಬಂದು ಖಾಲಿ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತಿರುವ ಜನ, ಒಂದು ಕೈಯ ಅಂಗಿತೋಳು ಮಡಚಿಕೊಂಡು ಬಾಗಿಲನ್ನೇ ನೋಡುತ್ತಿರುತ್ತಾರೆ. ಹಸಿದವರನ್ನು ಕಾಯಿಸಬಾರದು ಎಂಬುದು ಅವಳ ಹಟ. ಐವತ್ತು ದಾಟಿದ ಮೇಲೂ ಪಾಳಿ ಬದಲಿಸಿಕೊಳ್ಳದೆ ಇರುವುದು ಅದೇ ಹಟದಿಂದ. ಅಂಥವಳು ಈ ಚಳಿಗಾಲದಲ್ಲಿ ವಾರಕ್ಕೆ ನಾಲ್ಕು ದಿನ ತಡವಾಗಿ ಹೋಗಿ, ಬೆಂಚಿನವರ ಮುಖ ನೋಡಲಾಗದೆ ತಲೆ ತಗ್ಗಿಸಿ ಕೋಟು ಕಳಚುವಂತಾಗಿತ್ತು.

ಗಾಡಿ ಅವಳ ಚಿಕ್ಕಪ್ಪನದು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಹಳೆಯ ಸ್ಪೋರ್ಟ್ಸ್ ಕಾರು. ಬಣ್ಣ ಮಾಸಿದ ಹಸಿರು. ಮನೆಮಂದಿಯೆಲ್ಲ ಅದನ್ನು ಕಪ್ಪೆ ಎನ್ನುತ್ತಿದ್ದರು. ಮದುವೆಯ ಗೊಡವೆಗೆ ಹೋಗದ ಚಿಕ್ಕಪ್ಪ ತಾನು ತೀರಿಹೋಗುವ ಮೊದಲು ಕಪ್ಪೆಯನ್ನು ಅಣ್ಣನ ಮಗಳ ಹೆಸರಿಗೆ ಮಾಡಿಸಿಟ್ಟಿದ್ದ. ಉಳಿದವರೆಲ್ಲ ಯಾವಾಗ ಮಾರುತ್ತೀಯ ಎಂದು ಕೇಳುತ್ತಿದ್ದಾಗ ಒಂದು ರೌಂಡು ಓಡಿಸಲಾ ಎಂದು ಕೇಳಿದವಳು ಅವಳೊಬ್ಬಳೇ. ಗಾಡಿಗೆ ಚಳಿಯಲ್ಲಿ ಇಂಥದೊಂದು ರೋಗವಿದೆ ಎಂದು ಚಿಕ್ಕಪ್ಪ ಎಂದೂ ಹೇಳಿರಲಿಲ್ಲ. ಹೇಗೆ ಹೇಳಿಯಾನು? ಬಿಸಿಲು ಏರದೆ ಹೊದಿಕೆ ಬಿಟ್ಟು ಎದ್ದ ಆಸಾಮಿಯೇ ಅಲ್ಲ ಅವನು.

ರೋಗ ಇದ್ದದ್ದು ಇಷ್ಟೇ. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಗಾಡಿ ಬೆಳಿಗ್ಗೆ ಸೆಕೆಂಡ್ ಗೇರು ತೆಗೆದುಕೊಳ್ಳುತ್ತಿರಲಿಲ್ಲ. ಎಂಜಿನ್ನು ಚಾಲೂ ಇಟ್ಟು ನಿಂತಲ್ಲೇ ಬಿಸಿ ಮಾಡಿದರೂ ಅಷ್ಟೆ. ಒಂದಷ್ಟು ದೂರ ಓಡಿದ ಮೇಲೆ ಮಾತ್ರ ಗೇರು ತಾನಾಗಿ ಸಡಿಲಗೊಂಡು ಬೆಣ್ಣೆಯಾಗುತ್ತಿತ್ತು. ಆಮೇಲೆ ಇಡೀ ದಿನ ಚಕಾರವಿಲ್ಲ. ಬೆಳಿಗ್ಗೆ ಹೆಂಡತಿಯ ಜೀವ ತೆಗೆದ ಗಾಡಿಯೇ ಸಂಜೆ ಗಂಡನ ಕೈಯಲ್ಲಿ ಪರಮ ಸಾಧು.

ಈ ಗಂಡ ಯಾರು ಎಂದರೆ ಡ್ರೈವಿಂಗ್ ಮೇಷ್ಟ್ರು. ಅಲ್ಲೇ ಇದ್ದದ್ದು ಎಡವಟ್ಟು. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರೇ. ಕಲಿಯಲು ಬಂದವರು ಮೊದಲ ವಾರ ಒಂದೇ ರಾಗ ಹಾಡುತ್ತಾರೆ: ಸರ್, ಗೇರ್ ಗಟ್ಟಿ ಇದೆ. ಮೇಷ್ಟ್ರ ಉತ್ತರವೂ ಒಂದೇ. "ಗೇರಿಗೆ ಬಾಯಿಲ್ಲ ನೋಡಿ, ಅದಕ್ಕೇ ಎಲ್ರೂ ಅದರ ಮೇಲೇ ಹೇಳ್ತಾರೆ. ಕ್ಲಚ್ ಪೂರ್ತಿ ಒತ್ತಿ." ಒತ್ತುತ್ತಾರೆ, ಗೇರು ಬೀಳುತ್ತದೆ. ಇಷ್ಟು ವರ್ಷ ಒಂದು ಸಲವೂ ತಪ್ಪದ ಮಾತು. ಹೀಗಾಗಿ ಗೇರು ಗಟ್ಟಿ ಎಂಬ ಶಬ್ದ ಯಾರ ಬಾಯಿಂದ ಬಿದ್ದರೂ ಮೇಷ್ಟ್ರ ಕಿವಿಗೆ ಅದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆಯೇ ಕೇಳಿಸುತ್ತಿತ್ತು.

ಅವರದು ಇನ್ನೊಂದು ನೇಮ. ಕಲಿಯುವವರ ಕೈಯಿಂದ ಅವರು ಎಂದೂ ಸ್ಟೇರಿಂಗ್ ತೆಗೆದುಕೊಳ್ಳುವುದಿಲ್ಲ. ಗಾಡಿ ಚೌಕದ ನಡುವೆ ನಿಂತಿರಲಿ, ಹಿಂದಿನವರು ಹಾರ್ನ್ ಒತ್ತಿ ಒತ್ತಿ ಪ್ರಾಣ ಬಿಡಲಿ, ಕಲಿಯುವವರು ಅಳಲಿ, ಅವರು ಪಕ್ಕದ ಸೀಟಿನಲ್ಲಿ ಕೂತು ಬಾಯಲ್ಲೇ ತಿದ್ದುತ್ತಾರೆ. ಸ್ಟೇರಿಂಗ್ ಕಿತ್ತುಕೊಂಡರೆ ಕಲಿಸಿದ ಹಾಗಾಗುವುದಿಲ್ಲ ಎನ್ನುತ್ತಾರೆ. ಒಳ್ಳೆಯ ನೇಮವೇ. ಸೂಜಿಯಕ್ಕನಿಗೂ ಮದುವೆಯಾದ ಹೊಸದರಲ್ಲಿ ಅವರು ಹಾಗೆಯೇ ಕಲಿಸಿದ್ದರು. ಸೊಸೆ ಗಾಡಿ ಕಲಿತು ಯಾವ ರಾಜ್ಯ ಆಳಬೇಕಾಗಿದೆ ಎಂದ ತಾಯಿಗೆ, "ನೀನು ಕಲಿಯಲಿಲ್ಲವಲ್ಲ, ಅವಳಾದರೂ ಕಲಿಯಲಿ" ಎಂದು ಬಾಯಿ ಮುಚ್ಚಿಸಿದ್ದರು. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯವರು ನಂಬದೆ ಹೋದರೆ ಏನು ಮಾಡುವುದು?

ಮೊದಲ ಸಲ ಹೇಳಿದಾಗ ಮೇಷ್ಟ್ರು ಕಾಫಿ ಹೀರುತ್ತ ನಕ್ಕರು.

"ಚಳಿಗೆ ನಿನ್ನ ಕಾಲು ಸೆಟೆದಿರುತ್ತೆ ಕಣೇ. ದಪ್ಪ ಬೂಟು ಬೇರೆ. ಕ್ಲಚ್ ತಳ ಮುಟ್ಟಲ್ಲ."

"ಬೂಟು ಬಿಚ್ಚಿಟ್ಟೂ ನೋಡಿದೆ. ಅದು ಕಾಲಿಂದಲ್ಲ ರೀ. ಬೆಳಿಗ್ಗೆ ಹೊತ್ತು ಗೇರೇ ಬಿಗಿಯಾಗಿರುತ್ತೆ. ಓಡಿದ್ಮೇಲೆ ಸರಿಹೋಗುತ್ತೆ."

"ಓಡಿದ್ಮೇಲೆ ಸರಿಹೋಗೋದು ನಿನ್ನ ಕಾಲು. ನಿನ್ನೆ ಸಂಜೆ ನಾನು ಅಂಗಡಿಗೆ ತಗೊಂಡು ಹೋಗಿದ್ನಲ್ಲ, ಎರಡು ಬೆರಳಲ್ಲಿ ಬಿತ್ತು."

"ಸಂಜೆ ಯಾರ ಕೈಗಾದ್ರೂ ಬೀಳುತ್ತೆ. ನೀವು ಬೆಳಿಗ್ಗೆ ಓಡಿಸಿ ನೋಡಿ."

"ಬೆಳಿಗ್ಗೆಗೊಂದು ಗೇರು, ಸಂಜೆಗೊಂದು ಗೇರು ಇರುತ್ತಾ?" ಎಂದು ಮೇಷ್ಟ್ರು ಲೋಟ ಕೆಳಗಿಟ್ಟರು.

ಅವಳು ಬಿಡಲಿಲ್ಲ. ದಿನಾ ಹೇಳಿದಳು. ಸ್ವೆಟರ್ ಹಾಕಿಕೊಳ್ಳುವಾಗ ಹೇಳಿದಳು, ಪಾತ್ರೆ ಒರೆಸುವಾಗ ಹೇಳಿದಳು, ಟಿವಿಯ ಮುಂದೆ ನಿಂತು ಹೇಳಿದಳು. ಕೊನೆಗೆ ಒಂದು ದಿನ ಪೀಡೆ ತೊಲಗಲಿ ಎಂದು ಮೇಷ್ಟ್ರು ಬೆಳಿಗ್ಗೆ ಎದ್ದು, ತಲೆಗೆ ಮಫ್ಲರ್ ಸುತ್ತಿಕೊಂಡು ಬಂದರು. ಬಂದು ಕೂತದ್ದು ಪಕ್ಕದ ಸೀಟಿನಲ್ಲಿ.

"ನೀವು ಆ ಕಡೆ ಕೂತರೆ ಹೇಗೆ ಗೊತ್ತಾಗುತ್ತೆ? ಈ ಕಡೆ ಬನ್ನಿ."

"ನೀನು ಓಡಿಸು, ನಾನು ನೋಡ್ತೀನಿ."

ಬೇಕರಿಯ ಹತ್ತಿರ ಎಂದಿನಂತೆ ಗೇರು ಮುಷ್ಕರ ಹೂಡಿತು. ಅವಳು ಒತ್ತಿದಳು, ಎಳೆದಳು, ಮತ್ತೆ ನ್ಯೂಟ್ರಲ್ಲಿಗೆ ತಂದು ಮತ್ತೆ ಎಳೆದಳು. ಕರಕರ. ಮೇಷ್ಟ್ರು ಗೇರಿನ ಕಡೆ ತಿರುಗಿಯೂ ನೋಡಲಿಲ್ಲ, ಅವಳ ಪಾದವನ್ನೇ ನೋಡುತ್ತಿದ್ದರು. "ಅವಸರ ಮಾಡ್ಬೇಡ. ಉಸಿರು ಬಿಡು. ಕ್ಲಚ್. ಪೂರ್ತಿ. ಇನ್ನೂ." ಮೊದಲ ದಿನ ಗಾಡಿ ಹತ್ತಿದವರಿಗೆ ಹೇಳುವ ಅದೇ ದನಿ, ಅದೇ ತಾಳ್ಮೆ. ಆ ತಾಳ್ಮೆ ಕೇಳಿ ಅವಳ ಮೈ ಉರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಎರಡು ಬೀದಿ ದಾಟುವ ಹೊತ್ತಿಗೆ ಗೇರು ಬಿತ್ತು. "ನೋಡಿದ್ಯಾ? ಕಾಲು ಹದಕ್ಕೆ ಬಂತು" ಎಂದು ಮೇಷ್ಟ್ರು ಸಮಾಧಾನದಿಂದ ಇಳಿದು ಮನೆಗೆ ನಡೆದರು.

ಮೆಕ್ಯಾನಿಕ್ಕನ ಶೆಡ್ಡು ಊರಿನ ಆ ತುದಿಗೆ. ಪಾಳಿ ಮುಗಿಸಿ ಮಧ್ಯಾಹ್ನ ಹೋದಳು. ಅವನು ಒಂದು ಸುತ್ತು ಓಡಿಸಿ ಬಂದು, "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರ್ತಿದೆ ಮೇಡಮ್" ಎಂದ. ಬೆಳಿಗ್ಗೆ ಬಂದು ನೋಡಿ ಎಂದರೆ ಬೆಳಿಗ್ಗೆ ನೀವೇ ತನ್ನಿ ಎಂದ. ರಜೆಯ ದಿನ ಚಳಿಯಲ್ಲೇ ಹೊರಟಳು. ಅರ್ಧ ಊರು ಸುತ್ತಿ ಅವನ ಬಾಗಿಲು ಮುಟ್ಟುವಷ್ಟರಲ್ಲಿ ಗಾಡಿ ಬಿಸಿಯಾಗಿ, ಗೇರು ಒಳ್ಳೆಯ ಮನೆತನದ ಹುಡುಗಿಯ ಹಾಗೆ ತಲೆಬಾಗಿಸಿ ಹೇಳಿದಲ್ಲಿಗೆ ಹೋಗುತ್ತಿತ್ತು. ಅವಳಿಗೆ ಅಳು ಬರುವುದೊಂದು ಬಾಕಿ. ಹಲ್ಲುನೋವೆಂದು ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ನೋವು ಮಾಯವಾಗುತ್ತದಲ್ಲ, ಆ ಕತೆ.

"ಹಾಗಾದ್ರೆ ರಾತ್ರಿ ಇಲ್ಲೇ ಬಿಟ್ಟು ಹೋಗ್ತೀನಿ. ಬೆಳಿಗ್ಗೆ ಎದ್ದ ತಕ್ಷಣ ನೀವೇ ತೆಗೆದು ನೋಡಿ" ಎಂದಳು. ಬಿಟ್ಟೂ ಬಂದಳು. ಮಾರನೆಯ ದಿನ ಹೋದರೆ ಮೆಕ್ಯಾನಿಕ್ಕನ ಮುಖದಲ್ಲಿ ಮುಗುಳ್ನಗೆ. ಗೇರು ಸಲೀಸಾಗಿ ಬಿದ್ದಿತ್ತು. ಕಪ್ಪೆಯನ್ನು ಎಲ್ಲಿ ನಿಲ್ಲಿಸಿದ್ದಿರಿ ಎಂದು ಕೇಳಿದಳು. ಒಳಗೆ, ಬಣ್ಣ ಒಣಗಿಸುವ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದ. ಒಣಗಿಸುವ ಹೀಟರು ರಾತ್ರಿಯೆಲ್ಲ ಉರಿದಿತ್ತು. ಗೋಡೆ ಮುಟ್ಟಿ ನೋಡಿದಳು, ಇನ್ನೂ ಬೆಚ್ಚಗಿತ್ತು.

"ಇದನ್ನ ಬೆಚ್ಚಗೆ ಮಲಗಿಸಿ, ಚಳಿಯಲ್ಲಿ ನೋಡಿದೆ ಅಂತೀರಲ್ಲ!"

"ಗಾಡಿಗೆ ಚಳಿ ಏನು ಬಿಸಿ ಏನು ಮೇಡಮ್" ಎಂದು ಅವನು ಅವಳೆದುರಿಗೇ ಮೇಷ್ಟ್ರಿಗೆ ಫೋನು ಹಚ್ಚಿದ. "ಮೇಷ್ಟ್ರೇ, ಗಾಡಿ ಫಸ್ಟ್ ಕ್ಲಾಸಿದೆ. ನೀವೇ ಮೇಡಮ್ಮಿಗೆ ಸ್ವಲ್ಪ..." ಎಂದು ನಿಲ್ಲಿಸಿ ನಕ್ಕ. ಆ ಕಡೆಯಿಂದಲೂ ನಗು ಕೇಳಿಸಿತು. ಗಾಡಿ ಅವಳದು, ತಂದವಳು ಅವಳು, ಎದುರಿಗೆ ನಿಂತವಳು ಅವಳು. ವರದಿ ಮಾತ್ರ ಮೇಷ್ಟ್ರಿಗೆ. ಕೀಲಿ ಕಿತ್ತುಕೊಂಡು ಬಂದಳು.

ಮರುದಿನ ರಕ್ತ ತೆಗೆಯುವ ಕೋಣೆಯಲ್ಲಿ ಒಬ್ಬ ಮುದುಕ ತೋಳು ಚಾಚುವ ಮೊದಲೇ, "ಈ ಕೈಯಲ್ಲಿ ನರ ಸಿಗಲ್ಲಮ್ಮ, ಜಾರುತ್ತೆ. ಆ ಕೈಯಲ್ಲಿ ನೋಡು" ಎಂದ. ನೋಡಲಿಕ್ಕೆ ಈ ಕೈಯಲ್ಲೇ ನರ ಚೆನ್ನಾಗಿ ಉಬ್ಬಿತ್ತು. ಆದರೂ ಅವಳು ಸುಮ್ಮನೆ ಕುರ್ಚಿ ಸುತ್ತಿ ಆ ಕಡೆ ಹೋದಳು. ಅವನ ಕೈಯ ಸಮಾಚಾರ ಅವನಿಗೆ ಗೊತ್ತಿರುವಷ್ಟು ಅವಳಿಗೆಲ್ಲಿ ಗೊತ್ತು? ಇಷ್ಟು ಸಣ್ಣ ಮಾತು ಇದು. ಈ ಸಣ್ಣ ಮಾತು ತನ್ನ ಮನೆಯಲ್ಲಿ ಯಾಕೆ ನಡೆಯುವುದಿಲ್ಲ ಎಂದು ನೆನೆದು ಅವಳಿಗೆ ಸಂಕಟವಾಯಿತು.

ಕೊನೆಗೆ ಅವಳೇ ಒಂದು ಉಪಾಯ ಮಾಡಿಕೊಂಡಳು. ಬೆಳಿಗ್ಗೆ ಸೆಕೆಂಡಿನ ಗೋಜಿಗೇ ಹೋಗುವುದು ಬೇಡ, ಫಸ್ಟಿನಲ್ಲಿ ಸ್ವಲ್ಪ ಹೆಚ್ಚು ಓಡಿಸಿ ನೇರ ಥರ್ಡಿಗೆ ಹಾಕುವುದು. ಥರ್ಡು ಬೀಳುತ್ತಿತ್ತು. ಗಾಡಿ ಒಂದಿಷ್ಟು ತಿಣುಕುತ್ತಿತ್ತು, ಆದರೆ ಹೋಗುತ್ತಿತ್ತು. ನಾಲ್ಕು ದಿನ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿ ಬೆಂಚಿನವರ ಮುಖ ನೋಡಿ ನಕ್ಕಳು. ಐದನೆಯ ದಿನ ಮೇಷ್ಟ್ರು ಹಾಸಿಗೆಯಲ್ಲೇ ಆ ಸದ್ದನ್ನು ಹಿಡಿದುಬಿಟ್ಟರು. ಇಡೀ ಮನೆ ಬಿದ್ದರೂ ಎಚ್ಚರಾಗದ ಮನುಷ್ಯ, ಗೇರು ಹಾರಿಸಿದ ಸದ್ದಿಗೆ ಎದ್ದು ಕೂತಿದ್ದರು.

"ಫಸ್ಟಿಂದ ಥರ್ಡಿಗೆ ಹಾಕ್ತಾ ಇದ್ದೀಯಾ?" ಮಧ್ಯಾಹ್ನ ಅವಳು ಮನೆಗೆ ಕಾಲಿಟ್ಟ ಕೂಡಲೇ ಕೇಳಿದರು. ಕಳ್ಳತನ ಹಿಡಿದವರ ದನಿ.

"ಸೆಕೆಂಡು ಬೀಳಲ್ಲ. ಇನ್ನೇನು ಮಾಡ್ಲಿ?"

"ಹತ್ತೋಕೆ ಮೆಟ್ಟಿಲಿದೆ ಅಂದ್ರೆ ಒಂದೊಂದೇ ಹತ್ತಬೇಕು. ನನ್ನ ಹೆಂಡತಿಯೇ ಹೀಗೆ ಓಡಿಸಿದ್ರೆ ನಾನು ಯಾವ ಮುಖ ಇಟ್ಕೊಂಡು ಇನ್ನೊಬ್ಬರಿಗೆ ಕಲಿಸ್ಲಿ? ಎಂಜಿನ್ ಹಾಳಾಗುತ್ತೆ. ನಾಳೆಯಿಂದ ಸರಿಯಾಗಿ ಓಡಿಸು."

ಅವಳು ತಪ್ಪು ಮಾಡಿದ್ದು ಇಲ್ಲಿ. ಅವರ ಮಾತು ಕೇಳಿದಳು. ಮರುದಿನ ಬೇಕರಿ ದಾಟಿದ ಕೂಡಲೇ ಸಿಗುವ ಏರಿನಲ್ಲಿ ಸರಿಯಾಗಿ ಓಡಿಸಲು ಹೋಗಿ ಸೆಕೆಂಡಿಗೆ ಎಳೆದಳು. ಗೇರು ಬೀಳದೆ, ಫಸ್ಟಿಗೂ ಮರಳದೆ, ಗಾಡಿ ನಡುದಾರಿಯಲ್ಲಿ ಬಲ ಕಳೆದುಕೊಂಡು ನಿಂತು ಒಂದು ಮಾರು ಹಿಂದಕ್ಕೆ ಜಾರಿತು. ಹಿಂದಿದ್ದ ಹಾಲಿನ ವ್ಯಾನಿಗೆ ಹೋಗಿ ತಾಗಿತು. ದೊಡ್ಡ ಪೆಟ್ಟೇನಲ್ಲ, ಬಂಪರು ನೆಗ್ಗಿತು, ಅಷ್ಟೆ. ಆದರೆ ವ್ಯಾನಿನವನೂ ಮೇಷ್ಟ್ರ ಹತ್ತಿರವೇ ಕಲಿತವನು. ಸಂಜೆಯೊಳಗೆ ಡ್ರೈವಿಂಗ್ ಸ್ಕೂಲಿನ ತುಂಬ ಸುದ್ದಿ. ಮೇಷ್ಟ್ರ ಮನೆಯವರಿಗೇ ಗೇರು ಬರಲ್ಲವಂತೆ ಎಂದು ಯಾರೋ ನಕ್ಕದ್ದು ಮೇಷ್ಟ್ರ ಕಿವಿಗೂ ಬಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವರು ಕೂಗಾಡಲಿಲ್ಲ. ತೀರ ಮೃದುವಾಗಿ, "ಈ ಗಾಡಿ ನಿನ್ನ ಕೈಗಲ್ಲ, ಮಾರಿಬಿಡೋಣ. ಹಲ್ಲಿನ ಡಾಕ್ಟ್ರು ಕೇಳ್ತಿದ್ದಾನೆ. ನಿನಗೆ ಗೇರಿಲ್ಲದ ಚಿಕ್ಕ ಗಾಡಿ ತಗೊಳ್ಳೋಣ, ಆರಾಮಾಗಿ ಹೋಗಿ ಬರ್ತೀಯ" ಎಂದರು. ಮಗಳೂ ಫೋನಿನಲ್ಲಿ ಅಪ್ಪನ ಪಕ್ಷ. "ಅಮ್ಮಾ, ಹಟ ಯಾಕೆ? ಅಪ್ಪಂಗೆ ಗೊತ್ತಿರಲ್ವಾ?" ಎಂದಳು.

ಅಪ್ಪನಿಗೆ ಗೊತ್ತಿರುವುದಿಲ್ಲವೇ! ಗಾಡಿ ಹೋದರೆ ಹೋಗಲಿ, ಕಬ್ಬಿಣದ ಡಬ್ಬಿ. ಆದರೆ ಹೀಗೆ ಹೋದರೆ, ಗೇರು ಹಾಕಲು ಬಾರದೆ ಗಾಡಿ ಮಾರಿದವಳು ಎಂಬುದೇ ಸಾಯುವ ತನಕ ಅವಳ ಹೆಸರಿಗೆ ಅಂಟಿಕೊಳ್ಳುತ್ತದೆ. ನಾಳೆ ಬೆನ್ನು ನೋವು ಎಂದರೂ ಕೂರುವ ರೀತಿ ಸರಿಯಿಲ್ಲ ಎನ್ನುತ್ತಾರೆ. ಅವಳು ತಟ್ಟೆ ಪಕ್ಕಕ್ಕಿಟ್ಟಳು.

"ಆಯ್ತು, ಮಾರೋಣ. ಆದ್ರೆ ಡಾಕ್ಟ್ರು ಸಂಜೆ ಬರೋ ಹಾಗಿಲ್ಲ. ನಾನು ಹೊರಡೋ ಹೊತ್ತಿಗೆ ಬರ್ಲಿ, ರಾತ್ರಿಯೆಲ್ಲ ಹೊರಗೆ ನಿಂತ ಗಾಡಿನ ಓಡಿಸಿ ನೋಡ್ಲಿ. ಅವರ ಕೈಯಲ್ಲಿ ಸೆಕೆಂಡು ಸಲೀಸಾಗಿ ಬಿದ್ರೆ ಅಲ್ಲೇ ಸಹಿ ಹಾಕ್ತೀನಿ. ಜನ್ಮದಲ್ಲಿ ಮತ್ತೆ ಗೇರಿನ ಮಾತೆತ್ತಲ್ಲ."

"ಅವನ ಕೈಯಲ್ಲಿ ಬೀಳದೆ ಇನ್ನ್ಯಾರ ಕೈಯಲ್ಲಿ ಬೀಳುತ್ತೆ?" ಎಂದು ಮೇಷ್ಟ್ರು ಒಪ್ಪಿಕೊಂಡರು. ಹಲ್ಲಿನ ಡಾಕ್ಟರು ಅವರ ಅಚ್ಚುಮೆಚ್ಚಿನ ಶಿಷ್ಯ. ಕ್ಲಚ್ಚನ್ನು ಅಷ್ಟು ನಾಜೂಕಾಗಿ ಬಿಡುವವರು ಇನ್ನೊಬ್ಬರಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಭಾನುವಾರ ಡಾಕ್ಟರು ಮೂಗು ಕೆಂಪಗೆ ಮಾಡಿಕೊಂಡು ಬಂದರು. ಕಪ್ಪೆಯ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಸೂಜಿಯಕ್ಕ ಅದನ್ನು ಕೆರೆದು ಕೊಟ್ಟಳು. ಡಾಕ್ಟರು ಸ್ಟೇರಿಂಗಿಗೆ, ಮೇಷ್ಟ್ರು ಪಕ್ಕದ ಸೀಟಿಗೆ. ಇರುವುದೇ ಎರಡು ಸೀಟು, ಅವಳು ಶಾಲು ಬಿಗಿದುಕೊಂಡು ಗೇಟಿನಲ್ಲೇ ನಿಂತಳು. ಗಾಡಿ ನಿಜಕ್ಕೂ ನಾಜೂಕಾಗಿಯೇ ಹೊರಟಿತು. ಇವತ್ತೇ ಬಿದ್ದುಬಿಟ್ಟರೆ? ಈ ದರಿದ್ರ ಗೇರನ್ನು ನಂಬುವ ಹಾಗಿಲ್ಲ, ಪರರ ಎದುರಿಗೆ ಯಾವಾಗಲೂ ಅವಳ ಮಾನ ತೆಗೆದದ್ದೇ. ಗಾಡಿ ಬೇಕರಿಯ ಹತ್ತಿರ ಹೋಯಿತು.

ಕರಕರ.

ಇಷ್ಟು ದೂರಕ್ಕೂ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು, ಇನ್ನೂ ಜೋರಾಗಿ. "ಬಂತು ನೋಡು!" ಎಂದು ಅವಳು ಗೇಟಿನ ಮೇಲೆ ಗುದ್ದಿದಳು. ನಾಚಿಕೆಯಿಲ್ಲದ ಖುಷಿ. ಅಷ್ಟರಲ್ಲಿ ಗಾಡಿ ನಿಂತಿತು. ಎರಡೂ ಬಾಗಿಲು ತೆರೆದವು. ಡಾಕ್ಟರು ಇಳಿದು ಆ ಕಡೆಯಿಂದ ಬಂದರು, ಮೇಷ್ಟ್ರು ಇಳಿದು ಈ ಕಡೆಯಿಂದ ಹೋದರು. ಹೋಗಿ ಸ್ಟೇರಿಂಗಿಗೆ ಕೂತರು.

ಅವಳ ಖುಷಿ ಅಲ್ಲಿಗೇ ಇಂಗಿಹೋಯಿತು.

ಕಲಿತವರ ಕೈಯಿಂದ ಎಂದೂ ಸ್ಟೇರಿಂಗ್ ತೆಗೆದುಕೊಳ್ಳದ ಮನುಷ್ಯ. ಅವಳು ಚಳಿಗಾಲವಿಡೀ ಈ ಕಡೆ ಬನ್ನಿ, ಈ ಕಡೆ ಬನ್ನಿ ಎಂದು ಅಂಗಲಾಚಿದ್ದಳು. ಬಂದಿರಲಿಲ್ಲ. ಶಿಷ್ಯ ಒಂದು ಮಾತು ಹೇಳಿದ್ದಕ್ಕೆ ಎದ್ದು ಬಂದರು. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಬಾಯಲ್ಲಿ ಸಾವಿರ ಸಲ ಹೇಳಿದ್ದಳು, ತಾನೇ ಆ ಗಿಡ ಎಂದು ಕಣ್ಣಾರೆ ಕಂಡದ್ದು ಅವತ್ತು.

ಬೇಕರಿಯ ಮುಂದೆ ಇನ್ನೂ ನಾಲ್ಕಾರು ಸಲ ಕರಕರ ಎಂದಿತು. ಗಾಡಿ ಒಂದು ಸುತ್ತು ಹಾಕಿ ಮನೆಗೆ ಮರಳಿತು. ಡಾಕ್ಟರು ಸಂಕೋಚದಿಂದ, "ಇದನ್ನ ರಿಪೇರಿ ಮಾಡಿಸಿದ್ಮೇಲೆ ನೋಡೋಣ ಸರ್" ಎಂದು ಕೈಮುಗಿದು ಹೊರಟುಹೋದರು. ಮೇಷ್ಟ್ರು ಕೆಳಗಿಳಿದು, ಅಂಗೈ ನೋಡಿಕೊಳ್ಳುತ್ತ ಹೆಂಡತಿಯ ಹತ್ತಿರ ಬಂದರು. ಮುಖದಲ್ಲಿ ನಿಜವಾದ ಅಚ್ಚರಿ.

"ಅಲ್ಲ ಕಣೇ, ಗೇರು ಇಷ್ಟು ಗಟ್ಟಿ ಇದೆ! ಒಂದು ಮಾತು ಹೇಳ್ಬಾರ್ದಿತ್ತಾ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೇಳಿದ್ದೆ" ಎಂದಷ್ಟೇ ಅಂದಳು.

"ಹೇಳಿದ್ದೆ, ಸರಿ. ಆದ್ರೆ ಈ ಪರಿ ಅಂತ ಬಿಡಿಸಿ ಹೇಳ್ಬೇಕಿತ್ತು."

ಆ ದಿನವಿಡೀ ಮೇಷ್ಟ್ರು ಫೋನು ಹಿಡಿದು ಓದಿದರು, ಓದಿದ್ದನ್ನೆಲ್ಲ ಅವಳಿಗೆ ಪಾಠ ಮಾಡಿದರು. ಗೇರ್ ಬಾಕ್ಸಿನೊಳಗಿನ ಎಣ್ಣೆ ಚಳಿಗೆ ಮಂದವಾಗುತ್ತದಂತೆ, ಗಾಡಿ ಓಡದೆ ಅದು ಬಿಸಿಯಾಗುವುದಿಲ್ಲವಂತೆ, ಎಂಜಿನ್ನು ಸುಮ್ಮನೆ ಚಾಲೂ ಇಟ್ಟರೆ ಪ್ರಯೋಜನವಿಲ್ಲವಂತೆ. ಮೆಕ್ಯಾನಿಕ್ಕನಿಗೆ ಫೋನು ಮಾಡಿ, "ನಾನೇ ಕಂಡುಹಿಡಿದೆ ಕಣಯ್ಯಾ, ಬೆಳಿಗ್ಗೆ ಹೊತ್ತು ಓಡಿಸಿ ನೋಡ್ಬೇಕು ಅದನ್ನ" ಎಂದರು. ಅವಳು ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಗೆದ್ದಿದ್ದಳು. ಗೆದ್ದ ಸಂತೋಷ ಎಳ್ಳಷ್ಟೂ ಇರಲಿಲ್ಲ. ಅವರು ಈಗ ನಂಬಿದ್ದು ಗೇರನ್ನು, ಅವಳನ್ನಲ್ಲ.

ಸೋಮವಾರ ಅವಳು ಕೋಟು ತೊಟ್ಟು ಹೊರಗೆ ಬಂದರೆ ಮೇಷ್ಟ್ರು ಅದಾಗಲೇ ಪಕ್ಕದ ಸೀಟಿನಲ್ಲಿ ಕೂತಿದ್ದರು. ಕಾಲಿಗೆ ಮನೆಯ ಚಪ್ಪಲಿ.

"ಎಲ್ಲಿಗೆ?"

"ಆಸ್ಪತ್ರೆ ತನಕ ಬರ್ತೀನಿ. ಚಳಿಯಲ್ಲಿ ಇದನ್ನ ಹೇಗೆ ಸಂಭಾಳಿಸ್ಬೇಕು ಅಂತ ತೋರಿಸ್ತೀನಿ, ನಡಿ."

ಅವಳು ಗಾಡಿ ತೆಗೆದಳು. ಬೇಕರಿ ಹತ್ತಿರವಾಯಿತು. ಮೇಷ್ಟ್ರು ಕೈ ಎತ್ತಿದರು.

"ಈಗ ನೋಡು. ಸೆಕೆಂಡು ಮುಟ್ಲೇಬೇಡ. ಫಸ್ಟಲ್ಲೇ ಇನ್ನೊಂಚೂರು ಓಡಿಸು... ಹಾಂ... ಈಗ ಸೀದಾ ಥರ್ಡಿಗೆ ಹಾಕು."

ಅವಳು ಹಾಕಲಿಲ್ಲ. ಬ್ರೇಕು ಒತ್ತಿ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

"ಯಾಕೆ? ಆಫ್ ಆಯ್ತಾ?"

"ಡಾಕ್ಟ್ರು ಎಷ್ಟು ಸಲ ಹೇಳಿದ್ರು?"

"ಏನು?"

"ಗೇರ್ ಬೀಳಲ್ಲ ಅಂತ. ನಿನ್ನೆ ಇಲ್ಲೇ. ಎಷ್ಟು ಸಲ ಹೇಳಿದ್ರು?"

ಮೇಷ್ಟ್ರು ತಬ್ಬಿಬ್ಬಾದರು. "ಒಂದು ಸಲ ಹೇಳಿದ. ಅವನು ಡ್ರೈವಿಂಗ್ ಬರೋನು, ಸುಮ್‌ಸುಮ್ನೆ..." ಎಂದವರು ಅರ್ಧಕ್ಕೇ ನಿಂತರು. ಬಾಯಿಂದ ಹೊರಟ ಮಾತು ಅವರ ಕಿವಿಗೂ ಬಿದ್ದಿತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ನಿನಗೂ ನಾನೇ ಅಲ್ವಾ ಕಲಿಸಿದ್ದು" ಎಂದರು.

"ಕಲಿಸಿದ್ರಿ. ಪಾಸು ಮಾಡೋದು ಮರೆತ್ರಿ."

ಮೇಷ್ಟ್ರು ಅವಳ ಮುಖ ನೋಡಿದರು. ಅವಳು ರಸ್ತೆಯನ್ನು ನೋಡುತ್ತಿದ್ದಳು.

"ಇಳೀರಿ" ಎಂದಳು. "ಹಸಿದ ಜನ ಕಾಯ್ತಿದ್ದಾರೆ. ನನಗೆ ಹೊತ್ತಾಯ್ತು."

ಅವರು ತಗ್ಗಿನ ಸೀಟಿನಿಂದ ಮಂಡಿಗೆ ಕೈಯೂರಿ ಎದ್ದು ಹೊರಗೆ ಬಂದು, ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಅವಳು ಫಸ್ಟಿಗೆ ಹಾಕಿ ಹೊರಟಳು. ಮುಂದಿನ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದಾಗ ಮೇಷ್ಟ್ರು ನಿಂತಲ್ಲೇ ನಿಂತಿದ್ದರು, ಚಳಿಗೆ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೋಗುತ್ತಿದ್ದ ಗಾಡಿಯನ್ನೇ ನೋಡುತ್ತ. ಪಾಪ ಎನ್ನಿಸಿತು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆಸ್ಪತ್ರೆ ಮುಟ್ಟುವ ತನಕ ಅದನ್ನು ಇಳಿಸುವ ಮನಸ್ಸೂ ಅವಳಿಗಿರಲಿಲ್ಲ.